ಹುಟ್ಟುವಾಗಲೇ ಬಾಯಲ್ಲಿ ಹಲ್ಲು: ಕೀಳಿಸುವ ಮೊದಲು ನೋಡಬೇಕಾದ್ದು, ಕೇಳಬೇಕಾದ್ದು

ಹೆರಿಗೆಯಾದ ಎರಡನೇ ದಿನ. ಹಾಲು ಕುಡಿಸಲು ಎತ್ತಿಕೊಂಡ ಕೂಸು ಬಾಯಗಲಿಸಿ ಆಕಳಿಸುತ್ತದೆ. ಕೆಳವಸಡಿನ ನಟ್ಟನಡುವೆ ಅಕ್ಕಿಕಾಳಿನಷ್ಟು ಏನೋ ಬೆಳ್ಳಗೆ ಕಾಣುತ್ತದೆ. ಸಂಜೆಯೊಳಗೆ ಸುದ್ದಿ ವಾರ್ಡನ್ನೆಲ್ಲ ಸುತ್ತಿ ಬರುತ್ತದೆ. ಸೋದರಮಾವನಿಗೆ ಆಗಿಬರೋದಿಲ್ಲ ಅಂತ ಒಬ್ಬರು, ದಾರ ಕಟ್ಟಿ ಎಳೆದುಬಿಡಿ ಅಂತ ಇನ್ನೊಬ್ಬರು, ಇನ್ನು ಎದೆಹಾಲು ಕೊಡೋ ಹಾಗಿಲ್ಲ ಅಂತ ಮತ್ತೊಬ್ಬರು. ಆ ಪುಟ್ಟ ಬಾಯಿಗೆ ಟಾರ್ಚ್ ಹಿಡಿದು ಸರಿಯಾಗಿ ನೋಡಿದವರು ಮಾತ್ರ ಬಹುಶಃ ಯಾರೂ ಇರುವುದಿಲ್ಲ.

ಮನೆಮಂದಿಗೂ, ಬಾಣಂತಿಯನ್ನು ನೋಡಲು ಬರುವ ಆಶಾ ಕಾರ್ಯಕರ್ತೆಗೂ, ವಾರ್ಡಿನ ನರ್ಸ್‌ಗೂ ಉಪಯೋಗವಾಗಲಿ ಎಂದು ಇದನ್ನು ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹಲ್ಲು ಇದೆ ಎಂಬುದೊಂದೇ ಅದನ್ನು ಕೀಳಲು ಕಾರಣವಲ್ಲ. ಅದು ಎಷ್ಟು ಅಲ್ಲಾಡುತ್ತಿದೆ, ಯಾರಿಗಾದರೂ ಗಾಯ ಮಾಡುತ್ತಿದೆಯೇ, ಅದು ಮಗುವಿನ ಸ್ವಂತ ಹಾಲುಹಲ್ಲೇ ಅಥವಾ ಲೆಕ್ಕಕ್ಕೆ ಹೊರತಾದ ಹೆಚ್ಚಿನ ಹಲ್ಲೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಇಕ್ಕಳ ಪೆಟ್ಟಿಗೆಯಲ್ಲೇ ಇರಲಿ.

ಮೊದಲು ಒಂದಿಷ್ಟು ತಿಳಿವಳಿಕೆ

ಸಾಮಾನ್ಯವಾಗಿ ಮಗುವಿಗೆ ಆರು ತಿಂಗಳ ಆಸುಪಾಸಿನಲ್ಲಿ ಕೆಳಗಿನ ಮುಂಬಲ್ಲು ಮೊದಲು ಮೂಡುತ್ತದೆ. ಹುಟ್ಟುವಾಗಲೇ ಇದ್ದರೆ ವೈದ್ಯರು ಅದನ್ನು ನೇಟಲ್ ಹಲ್ಲು ಎನ್ನುತ್ತಾರೆ. ಹುಟ್ಟಿದ ಮೂವತ್ತು ದಿನದೊಳಗೆ ಮೂಡಿದರೆ ನಿಯೋನೇಟಲ್ ಹಲ್ಲು. 1950ರಲ್ಲಿ ಮ್ಯಾಸ್ಲರ್ ಮತ್ತು ಸವಾರಾ ಎಂಬ ಇಬ್ಬರು ಮಾಡಿದ ಈ ವಿಂಗಡಣೆಯೇ ಇಂದಿಗೂ ಬಳಕೆಯಲ್ಲಿದೆ. ಚಿಕಿತ್ಸೆಯ ಮಟ್ಟಿಗೆ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ಹಾಗಾಗಿ ಇಲ್ಲಿ ಎರಡನ್ನೂ ಹುಟ್ಟುಹಲ್ಲು ಎಂದೇ ಕರೆಯುತ್ತೇನೆ.

ಸುಮಾರು 2000ದಿಂದ 3000 ಹೆರಿಗೆಗೆ ಒಂದರಂತೆ ಇದು ಕಾಣುತ್ತದೆ ಎಂಬುದು ಪಠ್ಯಪುಸ್ತಕಗಳ ಲೆಕ್ಕ. ಅಂದರೆ ಅಪರೂಪವೇ, ಆದರೆ ಹೆರಿಗೆ ಹೆಚ್ಚಿರುವ ಜಿಲ್ಲಾ ಆಸ್ಪತ್ರೆಯ ನರ್ಸ್‌ಗೆ ಹೊಸದೇನಲ್ಲ. ನೂರಕ್ಕೆ ಸುಮಾರು 85 ಹುಟ್ಟುಹಲ್ಲು ಕೆಳದವಡೆಯ ಮುಂಬಾಗದಲ್ಲೇ ಇರುತ್ತವೆ, ಎಷ್ಟೋ ಸಲ ಜೋಡಿಯಾಗಿ. ಮೇಲಿನ ಮುಂಬಲ್ಲು ಕಡಿಮೆ, ಕೋರೆಹಲ್ಲು ಮತ್ತು ದವಡೆಹಲ್ಲು ತೀರಾ ವಿರಳ.

ಇನ್ನೊಂದು ಲೆಕ್ಕವನ್ನು ಮನೆಯವರು ನೆನಪಿಟ್ಟುಕೊಳ್ಳಲೇಬೇಕು. ಹುಟ್ಟುಹಲ್ಲುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಗುವಿಗೆ ಆಮೇಲೆ ಬರಬೇಕಾಗಿದ್ದ ಹಾಲುಹಲ್ಲುಗಳೇ, ಆತುರಪಟ್ಟು ಬಂದಿವೆ ಅಷ್ಟೆ. ಅದನ್ನು ಕಿತ್ತರೆ ಆ ಜಾಗಕ್ಕೆ ಇನ್ನೊಂದು ಹಾಲುಹಲ್ಲು ಬರುವುದಿಲ್ಲ. ಆರೇಳು ವರ್ಷಕ್ಕೆ ಶಾಶ್ವತ ಹಲ್ಲು ಬರುವವರೆಗೆ ಅಲ್ಲಿ ಕಿಂಡಿಯೇ.

ಯಾಕೆ ಹೀಗಾಗುತ್ತದೆ? ಹಲ್ಲಿನ ಮೊಗ್ಗು ದವಡೆಯಲ್ಲಿ ಇರಬೇಕಾದಷ್ಟು ಆಳದಲ್ಲಿ ಇರದೆ ವಸಡಿನ ಹತ್ತಿರವೇ ಕೂತಿರುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಕೆಲವು ಮನೆತನಗಳಲ್ಲಿ ವಂಶವಾಹಿಯಾಗಿಯೂ ಬರುತ್ತದೆ. ‘ನಿಮಗೂ ಹೀಗೇ ಇತ್ತಂತಾ?’ ಎಂದು ಮಗುವಿನ ಅಪ್ಪನ ಕಡೆ, ಅಮ್ಮನ ಕಡೆ ಹಿರಿಯರನ್ನು ಕೇಳಿ ನೋಡಿ. ‘ಹೌದಪ್ಪಾ, ನಿನ್ನ ಚಿಕ್ಕಪ್ಪನಿಗಿತ್ತು’ ಎಂಬ ಉತ್ತರ ಬಂದರೆ ಮನೆಯ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಬಾಣಂತಿ ಬಸುರಿಯಲ್ಲಿ ಏನು ತಿಂದಳು, ಗ್ರಹಣದಲ್ಲಿ ಹೊರಗೆ ಹೋದಳೇ ಎಂದು ಲೆಕ್ಕ ಹಾಕುವ ಅಗತ್ಯವಿಲ್ಲ.

ಹೆಜ್ಜೆ 1: ಬೆಳಕು ಹಿಡಿದು ನೋಡಿ

ಹಾಲು ಕುಡಿದು ಒಂದು ಗಂಟೆಯಾದ ಮೇಲೆ, ಮಗು ಸಮಾಧಾನವಾಗಿರುವಾಗ ನೋಡಿ. ಇಬ್ಬರು ಎದುರುಬದುರಾಗಿ ಮಂಡಿಗೆ ಮಂಡಿ ತಾಗಿಸಿ ಕೂತುಕೊಳ್ಳಿ. ಕೂಸಿನ ಕಾಲು ಅಮ್ಮನ ಕಡೆ, ತಲೆ ನೋಡುವವರ ತೊಡೆಯ ಮೇಲೆ. ಮಕ್ಕಳ ದಂತವೈದ್ಯರೂ ಹೀಗೇ ನೋಡುವುದು. ನೋಡುವವರ ಭುಜದ ಮೇಲಿಂದ ಮೂರನೆಯವರು ಟಾರ್ಚ್ ಹಿಡಿಯಲಿ, ಬೆಳಕು ಮಗುವಿನ ಕಣ್ಣಿಗೆ ಬೀಳದಿರಲಿ. ಉಗುರು ಕತ್ತರಿಸಿ, ಸೋಪು ಹಾಕಿ ತೊಳೆದ ಕಿರುಬೆರಳಿನಿಂದ ಕೆಳತುಟಿಯನ್ನು ಮೆಲ್ಲಗೆ ಇಳಿಸಿ.

ನೋಡಬೇಕಾದ್ದು ಹಲ್ಲೊಂದನ್ನೇ ಅಲ್ಲ. ಅದರ ಸುತ್ತ ವಸಡು ಕೆಂಪಾಗಿ ಊದಿದೆಯೇ? ನಾಲಿಗೆ ಮೇಲಕ್ಕೆತ್ತಿ: ಅಡಿಯಲ್ಲಿ ಬಿಳಿಯ ಅಥವಾ ಹಳದಿಯ ಹುಣ್ಣಿದೆಯೇ? ಅಂಗುಳು ಪೂರ್ತಿ ಕೂಡಿಕೊಂಡಿದೆಯೇ? ಫೋನಿನಲ್ಲಿ ಒಂದು ಸ್ಪಷ್ಟ ಫೋಟೋ ತೆಗೆದಿಟ್ಟುಕೊಳ್ಳಿ. ವಾರದ ನಂತರ ಹುಣ್ಣು ಹಿಗ್ಗಿದೆಯೋ ಕುಗ್ಗಿದೆಯೋ ಹೇಳಲು ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಹೆಜ್ಜೆ 2: ಅದು ನಿಜಕ್ಕೂ ಹಲ್ಲೇ?

ಬಿಳಿಯದೆಲ್ಲ ಹಲ್ಲಲ್ಲ. ‘ಮಗುವಿಗೆ ಹಲ್ಲು ಬಂದಿದೆ’ ಎಂದು ಓಡಿಬರುವವರ ಮಗುವಿನ ಬಾಯಲ್ಲಿ ಇರುವುದು ಎಷ್ಟೋ ಸಲ ಪುಟ್ಟ ಮುತ್ತಿನಂಥ ಗುಳ್ಳೆಗಳು. ಅಂಗುಳಿನ ನಡುಗೆರೆಯ ಮೇಲೆ ಸಾಲಾಗಿ ಕೂತಿದ್ದರೆ ಅವು ಎಪ್‌ಸ್ಟೈನ್ ಮುತ್ತುಗಳು. ಅರ್ಧಕ್ಕಿಂತ ಹೆಚ್ಚು ನವಜಾತ ಶಿಶುಗಳಲ್ಲಿ ಇರುತ್ತವೆ. ವಸಡಿನ ಹೊರಬದಿಯಲ್ಲಿ ಚದುರಿದ್ದರೆ ಬಾನ್ ಗಂಟುಗಳು. ವಸಡಿನ ನೆತ್ತಿಯ ಮೇಲೇ ಇದ್ದರೆ ಡೆಂಟಲ್ ಲ್ಯಾಮಿನಾ ಗುಳ್ಳೆ. ಹಲ್ಲೆಂದು ತಪ್ಪು ತಿಳಿಯುವುದು ಹೆಚ್ಚಾಗಿ ಇದನ್ನೇ. ಈ ಮೂರೂ ಒಂದರಿಂದ ಮೂರು ಮಿಲಿಮೀಟರ್ ಗಾತ್ರದವು, ದುಂಡಗಿರುತ್ತವೆ, ಅಲ್ಲಾಡುವುದಿಲ್ಲ, ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾವೇ ಮಾಯವಾಗುತ್ತವೆ. ಚಿವುಟಬೇಡಿ, ಸೂಜಿ ಮುಟ್ಟಿಸಬೇಡಿ, ಅರಿಶಿನ ಹಚ್ಚಿ ಉಜ್ಜಬೇಡಿ.

ಹಲ್ಲಾದರೆ ಬೆರಳಿಗೆ ಅಂಚು ಸಿಗುತ್ತದೆ. ಮುಂದಿನಿಂದ ನೋಡಿದರೆ ಸಣ್ಣ ಸಲಿಕೆಯ ಆಕಾರ. ಬಣ್ಣ ಅಚ್ಚ ಬಿಳಿಯೇ ಇರಬೇಕೆಂದಿಲ್ಲ. ಹಲ್ಲಿನ ಹೊರಪದರವಾದ ಎನಾಮಲ್ ತೆಳುವಾಗಿ, ಇನ್ನೂ ಗಟ್ಟಿಯಾಗದೆ ಇರುವುದರಿಂದ ಹುಟ್ಟುಹಲ್ಲು ಹಲವು ಸಲ ಹಳದಿಯಾಗಿ, ಕಂದಾಗಿ ಕಾಣುತ್ತದೆ. ಹುಟ್ಟುವಾಗಲೇ ಹುಳುಕು ಹಿಡಿದಿದೆ ಎಂದುಕೊಳ್ಳಬೇಡಿ.

ವಸಡಿನ ಮೇಲೆ ತೊಟ್ಟಿನ ಹಾಗೆ ನೇತಾಡುವ ಗುಲಾಬಿ ಬಣ್ಣದ ಮೆತ್ತನೆ ಗಡ್ಡೆಯಿದ್ದರೆ ಅದು ಬೇರೆಯೇ ವಿಷಯ. ಜನ್ಮಜಾತ ಎಪ್ಯುಲಿಸ್ ಎಂಬ, ಕ್ಯಾನ್ಸರ್ ಅಲ್ಲದ ಗಡ್ಡೆ ಅದಿರಬಹುದು. ಹೆಣ್ಣುಮಕ್ಕಳಲ್ಲಿ, ಮೇಲ್ದವಡೆಯಲ್ಲಿ ಹೆಚ್ಚು ಕಾಣುತ್ತದೆ. ಹಾಲು ಕುಡಿಯಲು, ಉಸಿರಾಡಲು ಅಡ್ಡಿಯಾಗುವಷ್ಟು ದೊಡ್ಡದಿದ್ದರೆ ಅವತ್ತೇ ಮಕ್ಕಳ ತಜ್ಞರ ಬಳಿ ಹೋಗಬೇಕು.

ಹೆಜ್ಜೆ 3: ಎಷ್ಟು ಅಲ್ಲಾಡುತ್ತದೆ?

ಇಡೀ ನಿರ್ಧಾರ ನಿಂತಿರುವುದೇ ಇದರ ಮೇಲೆ. ಹುಟ್ಟುವಾಗ ಈ ಹಲ್ಲಿಗೆ ಬೇರು ಇರುವುದೇ ಇಲ್ಲ, ಇದ್ದರೂ ನಾಮಕಾವಸ್ತೆ. ವಸಡಿನ ಹಿಡಿತದಲ್ಲಷ್ಟೇ ನಿಂತಿರುತ್ತದೆ. ಹಾಗಾಗಿ ಸ್ವಲ್ಪ ಅಲ್ಲಾಡುವುದು ಸಹಜ. ಪರೀಕ್ಷೆಯನ್ನು ವೈದ್ಯರೇ ಮಾಡಲಿ. ಮನೆಯಲ್ಲಿ ಎಲ್ಲರೂ ಒಂದೊಂದು ಸಲ ಅಲ್ಲಾಡಿಸಿ ನೋಡುವುದರಿಂದಲೇ ಗಟ್ಟಿಯಿದ್ದ ಹಲ್ಲು ಸಡಿಲವಾಗುತ್ತದೆ.

ವೈದ್ಯರು ಗಾಜ್ ಬಟ್ಟೆಯಿಂದ ಹಲ್ಲನ್ನು ಹಿಡಿದು ತುಟಿಯ ಕಡೆಗೂ ನಾಲಿಗೆಯ ಕಡೆಗೂ ಸರಿಸಿ ನೋಡುತ್ತಾರೆ. ಒಂದು ಮಿಲಿಮೀಟರಿನೊಳಗೆ ಅಲ್ಲಾಡಿದರೆ ಉಳಿಸಿಕೊಳ್ಳುವ ಮಾತು. ಎರಡು ಮಿಲಿಮೀಟರ್ ದಾಟಿದರೆ, ಅದರಲ್ಲೂ ಮೇಲೆ ಕೆಳಗೆ ಕೂಡ ಆಡುತ್ತಿದ್ದರೆ, ಕೀಳುವ ಮಾತು. ನಡುವೆ ಇರುವುದನ್ನು ಕೆಲವು ದಿನ ಬಿಟ್ಟು ಮತ್ತೆ ನೋಡಬೇಕು. ಬೇರು ಬೆಳೆಯುತ್ತಾ ಹೋದಂತೆ ತಿಂಗಳೊಳಗೆ ಎಷ್ಟೋ ಹಲ್ಲು ತಾನೇ ಗಟ್ಟಿಯಾಗುತ್ತದೆ.

1997ರಲ್ಲಿ ಹೆಬ್ಲಿಂಗ್ ಮತ್ತು ಸಂಗಡಿಗರು ಮಾಡಿದ ನಾಲ್ಕು ವಿಧದ ವಿಂಗಡಣೆ ವೈದ್ಯರ ಚೀಟಿಯಲ್ಲಿ ಕಂಡೀತು. ಬೇರಿಲ್ಲದೆ ಚಿಪ್ಪಿನಂತೆ ವಸಡಿಗೆ ಅಂಟಿಕೊಂಡದ್ದು ಮೊದಲನೆಯದು. ಗಟ್ಟಿ ತಲೆ, ಆದರೆ ಬೇರು ಇಲ್ಲ ಅಥವಾ ಅತ್ಯಲ್ಪ ಎಂಬುದು ಎರಡನೆಯದು. ಅಂಚು ಮಾತ್ರ ವಸಡನ್ನು ಸೀಳಿ ಬಂದದ್ದು ಮೂರನೆಯದು. ವಸಡು ಊದಿದೆ, ಒಳಗಿನ ಹಲ್ಲು ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಕಾಣದು ಎಂಬುದು ನಾಲ್ಕನೆಯದು. ಮೊದಲೆರಡರಲ್ಲಿ ಸಡಿಲ ಹೆಚ್ಚು. ಕೊನೆಯ ಎರಡಕ್ಕೆ ಹೆಚ್ಚಾಗಿ ಬೇಕಾಗುವುದು ತಾಳ್ಮೆಯೊಂದೇ.

ಹೆಜ್ಜೆ 4: ಮಗುವನ್ನು ಪೂರ್ತಿ ನೋಡಿ

ಹೆಚ್ಚಿನ ಮಕ್ಕಳಲ್ಲಿ ಹಲ್ಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಆದರೂ ಬಟ್ಟೆ ಬಿಚ್ಚಿ ಒಮ್ಮೆ ನೋಡುವುದು ವೈದ್ಯರ ಕರ್ತವ್ಯ, ನೋಡಿ ಎಂದು ಕೇಳುವುದು ನಿಮ್ಮ ಹಕ್ಕು. ಆರು ಬೆರಳು, ಗಿಡ್ಡ ಕೈಕಾಲು, ಜೊತೆಗೆ ಹೃದಯದಲ್ಲಿ ಸದ್ದು ಇದ್ದರೆ ಎಲ್ಲಿಸ್–ವ್ಯಾನ್ ಕ್ರೆವೆಲ್ಡ್ ಸಿಂಡ್ರೋಮ್ ಎಂಬ ಅಪರೂಪದ ಹುಟ್ಟುಕಾಯಿಲೆ ನೆನಪಾಗಬೇಕು. ಹೃದಯದ ಎಕೋ ಪರೀಕ್ಷೆ ಮಾಡಿಸದೆ ಹಲ್ಲಿನ ಮಾತು ಮುಂದುವರಿಸಬಾರದು. ಉಗುರುಗಳು ದಪ್ಪಗಾಗುತ್ತಿದ್ದರೆ ಪ್ಯಾಕಿಯೋನಿಕಿಯಾ. ತೀರಾ ಸಣ್ಣ ಕಣ್ಣು, ಕೊಕ್ಕಿನಂಥ ಮೂಗು ಇದ್ದರೆ ಹ್ಯಾಲರ್‌ಮನ್–ಸ್ಟ್ರೈಫ್. ಸೀಳುತುಟಿ, ಸೀಳಂಗುಳ ಇರುವ ಮಕ್ಕಳಲ್ಲೂ ಹುಟ್ಟುಹಲ್ಲು ತುಸು ಹೆಚ್ಚು.

ಇಂಥ ಯಾವುದಾದರೂ ಕಂಡರೆ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿರುವ, ಮಕ್ಕಳ ಹುಟ್ಟುದೋಷಗಳಿಗೆ ಬೇಗನೆ ಚಿಕಿತ್ಸೆ ಕೊಡಿಸುವ ಡಿಇಐಸಿ ಕೇಂದ್ರಕ್ಕೆ ಬರೆಸಿಕೊಳ್ಳಿ.

ಹೆಜ್ಜೆ 5: ಎಕ್ಸ್‌ರೇ ಬೇಕೇ?

ಗಟ್ಟಿಯಾಗಿ ನಿಂತಿದೆ, ಯಾರಿಗೂ ತೊಂದರೆಯಿಲ್ಲ ಎಂದಾದರೆ ಅವಸರವಿಲ್ಲ. ಕೀಳಬೇಕು ಎಂಬ ಯೋಚನೆ ಬಂದ ಕೂಡಲೇ ಎಕ್ಸ್‌ರೇ ಬೇಕು. ಇದು ಹಾಲುಹಲ್ಲೇ, ಅಥವಾ ಹಾಲುಹಲ್ಲು ಕೆಳಗೆ ಬೇರೆಯಾಗಿ ಕೂತಿದ್ದು ಇದು ಹೆಚ್ಚಿನದೇ ಎಂದು ಗೊತ್ತಾಗುವುದು ಅದರಲ್ಲೇ. ಮಕ್ಕಳಿಗೆಂದೇ ಇರುವ ಅತಿ ಸಣ್ಣ ಫಿಲ್ಮ್ ಸಾಕು. ಅಪ್ಪನೋ ಅಮ್ಮನೋ ಸೀಸದ ಏಪ್ರನ್ ಹಾಕಿಕೊಂಡು ಬಾಯಲ್ಲಿ ಹಿಡಿದುಕೊಳ್ಳುತ್ತಾರೆ. ಹೆಚ್ಚಿನ ಹಲ್ಲು ಎಂದು ಖಚಿತವಾದರೆ ಕೀಳುವುದಕ್ಕೆ ಯಾರ ತಕರಾರೂ ಇರುವುದಿಲ್ಲ.

ಹೆಜ್ಜೆ 6: ಹಾಲೂಡಿಸುವುದನ್ನು ನಿಲ್ಲಿಸಬೇಡಿ

ಹುಟ್ಟುಹಲ್ಲಿನಿಂದ ಆಗುವ ಅತಿ ದೊಡ್ಡ ನಷ್ಟ ಹಲ್ಲಿನಿಂದ ಆಗುವುದಿಲ್ಲ, ‘ಕಚ್ಚುತ್ತದೆ’ ಎಂಬ ಭಯದಿಂದ ಎದೆಹಾಲು ಬಿಡಿಸುವುದರಿಂದ ಆಗುತ್ತದೆ. ಮಗು ಸರಿಯಾಗಿ ಚೀಪುವಾಗ ನಾಲಿಗೆ ಮುಂದೆ ಚಾಚಿ ಕೆಳವಸಡನ್ನು ಮುಚ್ಚಿಕೊಳ್ಳುತ್ತದೆ. ಕೆಳಗಿನ ಹಲ್ಲು ನಾಲಿಗೆಯಡಿ ಮರೆಯಾಗುವುದರಿಂದ ತಾಯಿಗೆ ತಾಗುವುದೇ ಕಡಿಮೆ. ತಾಗುತ್ತಿದೆ ಎಂದರೆ ಮೊದಲು ಮಗು ಮೊಲೆ ಹಿಡಿದಿರುವ ರೀತಿ ನೋಡಬೇಕು: ಬಾಯಿ ಅಗಲವಾಗಿ ತೆರೆದಿದೆಯೇ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಿದೆಯೇ, ಗದ್ದ ಎದೆಗೆ ಒತ್ತಿದೆಯೇ? ಬಿಡಿಸುವಾಗ ಎಳೆಯಬೇಡಿ, ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಹಿಡಿತ ತಪ್ಪಿಸಿ.

ತೊಟ್ಟು ಒಡೆದು ನೋವಾಗಿದ್ದರೆ ಒಂದೆರಡು ದಿನ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ನಮ್ಮ ಅಜ್ಜಿಯರ ಒಳಲೆ ಸೀಸೆಗಿಂತ ಸಾವಿರ ಪಾಲು ಮೇಲು, ಕುದಿಸಿ ತೊಳೆದಿರಬೇಕು ಅಷ್ಟೆ. ಮಗುವಿಗೆ ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ ಎಂದು ಎಣಿಸಿ. ಮೊದಲ ವಾರ ಕಳೆದ ಮೇಲೆ ಆರಕ್ಕಿಂತ ಕಡಿಮೆಯಾದರೆ, ಅಥವಾ ಎರಡು ವಾರವಾದರೂ ಹುಟ್ಟಿದಾಗಿನ ತೂಕಕ್ಕೆ ಮರಳದಿದ್ದರೆ ವೈದ್ಯರಿಗೆ ತೋರಿಸಿ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ. ತೂಕದ ಜೊತೆಗೆ ನಾಲಿಗೆಯಡಿಯನ್ನೂ ನೋಡಲು ಹೇಳಿ.

ಹೆಜ್ಜೆ 7: ನಾಲಿಗೆಯಡಿ ಹುಣ್ಣಾದರೆ

ಹಲ್ಲಿನ ಹರಿತ ಅಂಚಿಗೆ ನಾಲಿಗೆ ಉಜ್ಜಿ ಉಜ್ಜಿ ಆಗುವ ಈ ಹುಣ್ಣಿಗೆ ರೀಗಾ–ಫೆಡೆ ಕಾಯಿಲೆ ಎಂದು ಹೆಸರು. 1881ರಲ್ಲಿ ಇದನ್ನು ವಿವರಿಸಿದ ಆಂಟೋನಿಯೋ ರೀಗಾ ಮತ್ತು ಆಮೇಲೆ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಫೆಡೆ ಇಬ್ಬರೂ ಇಟಲಿಯ ವೈದ್ಯರು. ಹೆಸರು ಕೇಳಿ ಹೆದರಬೇಡಿ, ಕಾರಣ ತೆಗೆದರೆ ಹುಣ್ಣು ಹೋಗುತ್ತದೆ. ನಿರ್ಲಕ್ಷಿಸಿದರೆ ಮಾತ್ರ ಮಗು ನೋವಿಗೆ ಹಾಲು ಬಿಡುತ್ತದೆ, ತೂಕ ಇಳಿಯುತ್ತದೆ.

ಹಲ್ಲು ಗಟ್ಟಿಯಾಗಿದ್ದರೆ ಮೊದಲ ಚಿಕಿತ್ಸೆ ಅಂಚನ್ನು ನುಣುಪು ಮಾಡುವುದು. ದಂತವೈದ್ಯರು ಉಜ್ಜುವ ಡಿಸ್ಕ್‌ನಿಂದ ಎರಡೇ ನಿಮಿಷದಲ್ಲಿ ಮುಗಿಸುತ್ತಾರೆ, ಅರಿವಳಿಕೆ ಬೇಡ. ಅದು ಸಾಲದಿದ್ದರೆ ಅಂಚಿನ ಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚಿ ದುಂಡಗೆ ಮಾಡುತ್ತಾರೆ. ಒದ್ದೆ ಬಾಯಲ್ಲಿ ಅದು ಎದ್ದು ಬರುವ ಸಾಧ್ಯತೆ ಇರುವುದರಿಂದ ಮರುಭೇಟಿ ತಪ್ಪಿಸಬೇಡಿ. ಹುಣ್ಣು ಕೆಲವು ವಾರದಲ್ಲಿ ಮಾಯಬೇಕು. ಮಾಯದೆ ಹಿಗ್ಗುತ್ತಿದ್ದರೆ, ಮಗು ಸೊರಗುತ್ತಿದ್ದರೆ ಆಗ ಹಲ್ಲು ಕೀಳುವುದೇ ಸರಿ.

ಅಂಗಡಿಯಲ್ಲಿ ಸಿಗುವ ಹಲ್ಲುನೋವಿನ ಜೆಲ್ ಹಚ್ಚಲೇಬಾರದು. ಬೆಂಜೋಕೇನ್ ಇರುವ ಜೆಲ್‌ನಿಂದ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮಗು ನೀಲಿಗಟ್ಟಬಹುದು. ಅದಕ್ಕಾಗಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಬಳಸಬಾರದೆಂದು ಎಚ್ಚರಿಸಿತು. ಜೇನುತುಪ್ಪವೂ ಬೇಡ, ವರ್ಷದೊಳಗಿನ ಮಗುವಿಗೆ ಅದರಿಂದ ಬಾಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಬಜೆ ತೇಯ್ದು ನಾಲಿಗೆಗೆ ಸವರುವ ಪದ್ಧತಿಯಿರುವ ಮನೆಗಳಲ್ಲಿ ಹುಣ್ಣಿನ ಮೇಲಂತೂ ಅದನ್ನು ಮುಟ್ಟಿಸಬೇಡಿ.

ಹೆಜ್ಜೆ 8: ಕೀಳಲೇಬೇಕಾದರೆ

ತೀರಾ ಸಡಿಲವಾದ ಹಲ್ಲು ಉದುರಿ ಉಸಿರುನಾಳಕ್ಕೆ ಜಾರಬಹುದು ಎಂಬ ಭಯವೇ ಕೀಳಲು ಮುಖ್ಯ ಕಾರಣ. ಆದರೆ ಮೊದಲು ಎರಡು ವಿಚಾರ ಖಚಿತಪಡಿಸಿಕೊಳ್ಳಿ.

ಒಂದು, ವಿಟಮಿನ್ ಕೆ. ರಕ್ತ ಹೆಪ್ಪುಗಟ್ಟಲು ಬೇಕಾದ ಈ ಜೀವಸತ್ವ ಹುಟ್ಟಿದ ಮಗುವಿನಲ್ಲಿ ಬಹಳ ಕಡಿಮೆ. ತಾಯಿಯ ಹಾಲಿನಲ್ಲಿಯೂ ಹೆಚ್ಚಿಲ್ಲ. ಕರುಳಿನ ಬ್ಯಾಕ್ಟೀರಿಯಾ ನೆಲೆಗೊಂಡು ತಯಾರಿಸಲು ದಿನಗಳೇ ಬೇಕು. ಅದಿಲ್ಲದ ಮಗುವಿನ ಹಲ್ಲು ಕಿತ್ತರೆ ರಕ್ತ ನಿಲ್ಲದೇ ಹೋಗಬಹುದು. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯ ಪ್ರಕಾರ ಹುಟ್ಟಿದ ಪ್ರತಿ ಮಗುವಿಗೂ ತೊಡೆಗೆ ವಿಟಮಿನ್ ಕೆ ಚುಚ್ಚಬೇಕು: ಒಂದು ಕಿಲೋ ಅಥವಾ ಹೆಚ್ಚು ತೂಕವಿದ್ದರೆ 1 ಮಿಲಿಗ್ರಾಂ, ಅದಕ್ಕಿಂತ ಕಡಿಮೆಯಿದ್ದರೆ ಅರ್ಧ. ಕೊಟ್ಟಿದ್ದಾರೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ, ತಾಯಿ ಕಾರ್ಡಿನಲ್ಲಿ ಹುಡುಕಿ. ಬರೆದಿಲ್ಲವಾದರೆ ‘ಕೊಟ್ಟಿರಬೇಕು ಬಿಡಿ’ ಎಂಬ ಮಾತಿಗೆ ಒಪ್ಪಬೇಡಿ, ಹೆರಿಗೆಯಾದ ಆಸ್ಪತ್ರೆಗೆ ಫೋನು ಮಾಡಿ ಕೇಳಿ. ಮನೆಯಲ್ಲಿ ಹೆರಿಗೆಯಾಗಿದ್ದರೆ ಕೊಟ್ಟಿಲ್ಲವೆಂದೇ ಲೆಕ್ಕ.

ಎರಡು, ವಯಸ್ಸು. ಹಲ್ಲು ಈಗಲೋ ಆಗಲೋ ಬೀಳುವಂತಿಲ್ಲದಿದ್ದರೆ ಹತ್ತು ದಿನ ಕಳೆಯುವವರೆಗೆ ಕಾಯುವುದು ವಾಡಿಕೆ. ಕಾಯಲಾಗದಿದ್ದರೆ ವಿಟಮಿನ್ ಕೆ ಕೊಟ್ಟು, ಮಕ್ಕಳ ತಜ್ಞರ ಒಪ್ಪಿಗೆ ಪಡೆದು ಮುಂದುವರಿಯುತ್ತಾರೆ. ಮಗುವಿಗೆ ಕಾಮಾಲೆ ಜೋರಾಗಿದ್ದರೆ, ಮನೆತನದಲ್ಲಿ ರಕ್ತಸ್ರಾವದ ಕಾಯಿಲೆಯಿದ್ದರೆ ಕೇಳುವ ಮೊದಲೇ ಹೇಳಿ.

ಮಕ್ಕಳ ದಂತವೈದ್ಯರು, ಅಂದರೆ ಪೆಡೋಡಾಂಟಿಸ್ಟ್, ಇರುವಲ್ಲಿಗೆ ಹೋಗುವುದು ಒಳ್ಳೆಯದು. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಆ ವಿಭಾಗವೇ ಇರುತ್ತದೆ, ಖರ್ಚೂ ಕಡಿಮೆ. ಕೆಲಸ ಕೆಲವೇ ನಿಮಿಷದ್ದು. ವಸಡಿಗೆ ಅಳತೆ ನೋಡಿ ಸ್ವಲ್ಪವೇ ಅರಿವಳಿಕೆ, ಹಲ್ಲು ಜಾರಿದರೆ ಗಂಟಲಿಗೆ ಹೋಗದಂತೆ ನಾಲಿಗೆಯ ಹಿಂದೆ ಗಾಜ್ ಬಟ್ಟೆಯ ತಡೆ, ಆಮೇಲೆ ಬೆರಳಿನಿಂದಲೋ ಸಣ್ಣ ಇಕ್ಕಳದಿಂದಲೋ ತೆಗೆಯುವುದು. ಮುಗಿಯಿತು ಎಂದು ಎದ್ದು ಹೋಗುವಂತಿಲ್ಲ, ಗುಳಿಯನ್ನು ಹಗುರಾಗಿ ಕೆರೆದು ಉಳಿದ ಮೊಗ್ಗಿನ ಕೋಶಗಳನ್ನು ತೆಗೆಯಬೇಕು. ಬಿಟ್ಟರೆ ಅದೇ ಜಾಗದಲ್ಲಿ ಕೆಲವು ವಾರ, ತಿಂಗಳ ನಂತರ ಹಲ್ಲಿನಂಥ ತುಣುಕೊಂದು ಮತ್ತೆ ಮೂಡಬಹುದು. ಮನೆಯಲ್ಲಿ ದಾರ ಕಟ್ಟಿ ಎಳೆಯಬೇಡಿ ಎಂದು ಒತ್ತಿ ಹೇಳುವುದು ಇದಕ್ಕೂ ಸೇರಿಯೇ: ದಾರಕ್ಕೆ ವಿಟಮಿನ್ ಕೆಯ ಲೆಕ್ಕವೂ ಗೊತ್ತಿಲ್ಲ, ಗುಳಿ ಕೆರೆಯಲೂ ಬಾರದು.

ಗಾಜ್ ಒತ್ತಿ ಹಿಡಿದು ರಕ್ತ ನಿಂತ ಮೇಲೆ ಎದೆಹಾಲು ಕೊಡಬಹುದು. ಅದಕ್ಕಿಂತ ಒಳ್ಳೆಯ ಸಮಾಧಾನ ಮಗುವಿಗೆ ಇನ್ನೊಂದಿಲ್ಲ. ಅರ್ಧ ಗಂಟೆಯಾದರೂ ಆಸ್ಪತ್ರೆಯಲ್ಲೇ ಇದ್ದು ಬಾಯಿ ಮತ್ತೊಮ್ಮೆ ತೋರಿಸಿಕೊಂಡು ಹೊರಡಿ. ಜೊಲ್ಲಿನಲ್ಲಿ ಗುಲಾಬಿ ಬಣ್ಣ ಸ್ವಲ್ಪ ಹೊತ್ತು ಇದ್ದೀತು. ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಮಗು ಬಿಳಿಚಿಕೊಂಡರೆ, ಮಂಕಾಗಿ ಹಾಲು ಬಿಟ್ಟರೆ, ಮಲ ಕಪ್ಪಾದರೆ ರಾತ್ರಿಯಾದರೂ ತುರ್ತು ಚಿಕಿತ್ಸೆಗೆ ಓಡಬೇಕು.

ಹೆಜ್ಜೆ 9: ಉಳಿಸಿಕೊಂಡ ಹಲ್ಲನ್ನು ನೋಡಿಕೊಳ್ಳುವುದು

ಎನಾಮಲ್ ತೆಳುವಾದ್ದರಿಂದ ಈ ಹಲ್ಲು ಬೇಗ ಸವೆಯುತ್ತದೆ, ಬೇಗ ಹುಳುಕಾಗುತ್ತದೆ. ದಿನಕ್ಕೆರಡು ಸಲ ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒರೆಸಿ. ಈ ವಯಸ್ಸಿಗೆ ಪೇಸ್ಟ್ ಬೇಡ. ಅಗತ್ಯವೆನಿಸಿದರೆ ವೈದ್ಯರು ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ. ಮೊದಲ ತಿಂಗಳು ವಾರಕ್ಕೊಮ್ಮೆ ಹಲ್ಲಿನ ಗಟ್ಟಿತನ ಮತ್ತು ನಾಲಿಗೆಯಡಿ ನೋಡಿಸಿ, ಆಮೇಲೆ ಮೂರು ತಿಂಗಳಿಗೊಮ್ಮೆ ಸಾಕು. ನಾಲ್ಕು ತಿಂಗಳು ದಾಟಿ ನಿಂತ ಹಲ್ಲು ಮುಂದೆಯೂ ನಿಲ್ಲುವ ಸಂಭವ ಹೆಚ್ಚು.

ಅಜ್ಜಿಗೆ ಏನು ಹೇಳುವುದು?

ವೈದ್ಯರು ಹತ್ತು ನಿಮಿಷದಲ್ಲಿ ಮುಗಿಸಿದ ಸಮಾಲೋಚನೆಯನ್ನು ಮನೆಯ ಹಜಾರ ಒಂದು ವಾಕ್ಯದಲ್ಲಿ ಬುಡಮೇಲು ಮಾಡಬಲ್ಲದು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೆಡುಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹುಟ್ಟುಹಲ್ಲಿಗೂ ಅದನ್ನೇ ಅಂಟಿಸುತ್ತಾರೆ. ವಾದಕ್ಕಿಳಿದು ಗೆದ್ದವರಿಲ್ಲ. ಸೋದರಮಾವನನ್ನೇ ಆಸ್ಪತ್ರೆಗೆ ಜೊತೆಗೆ ಕರೆದೊಯ್ಯುವುದು, ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿಕೊಂಡೇ ವೈದ್ಯರ ಮಾತು ಕೇಳಿಸುವುದು ನನಗೆ ಸರಿಯೆನಿಸುವ ಉಪಾಯ. ಶಾಸ್ತ್ರಕ್ಕೆಂದು ಮನೆಯವರು ಪೂಜೆ ಮಾಡಿಸಿದರೆ ಮಗುವಿಗೇನೂ ನಷ್ಟವಿಲ್ಲ. ಶಾಸ್ತ್ರದ ನೆಪದಲ್ಲಿ ಹಲ್ಲು ಕೀಳಿಸುವುದಕ್ಕೆ ಮಾತ್ರ ಅಡ್ಡ ನಿಲ್ಲಿ.

ಕತೆ ಕೇಳುವ ಅಜ್ಜಿಯಾದರೆ ಇದನ್ನೂ ಹೇಳಬಹುದು. ರೋಮ್‌ನಲ್ಲಿ ಮಾನಿಯಸ್ ಕ್ಯೂರಿಯಸ್ ಎಂಬವನು ಹಲ್ಲಿನೊಂದಿಗೇ ಹುಟ್ಟಿದನೆಂದು ಪ್ರಾಚೀನ ರೋಮನ್ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ. ಆ ಹಲ್ಲೇ ಅವನ ಹೆಸರಿಗೂ ಅಂಟಿ ‘ಡೆಂಟಾಟಸ್’ ಆಯಿತು, ಅಂದರೆ ಹಲ್ಲುಳ್ಳವನು. ಕ್ರಿ.ಪೂ. 275ರಲ್ಲಿ ಗ್ರೀಕ್ ದೊರೆ ಪಿರ್ರಸ್‌ನ ದಂಡಿಗೆ ಎದುರಾಗಿ ನಿಂತ ರೋಮಿನ ಸೇನಾಪತಿ ಅವನೇ. ಫ್ರಾನ್ಸಿನ ಹದಿನಾಲ್ಕನೇ ಲೂಯಿ 1638ರಲ್ಲಿ ಹುಟ್ಟುವಾಗ ಬಾಯಲ್ಲಿ ಎರಡು ಹಲ್ಲಿದ್ದವಂತೆ. ಎಪ್ಪತ್ತೆರಡು ವರ್ಷ ಪಟ್ಟದಲ್ಲಿದ್ದ. ಪಾಪ, ಅವನ ದಾದಿಯರ ಪಾಡೇನಾಯಿತೋ.